ಕೆಂಪು ದೀಪ ಉರಿಯುವಾಗ ಹೇಳಿದ ಮಾತು

"ಕೆಮ್ಮು ಇಟ್ಕೊಂಡು ರೆಕಾರ್ಡಿಂಗ್‌ಗೆ ಯಾಕ್ರೀ ಬರ್ತೀರಾ? ವಾಸಿ ಮಾಡ್ಕೊಂಡು ಬನ್ನಿ."

ಅವಳು ಅವನಿಗೆ ಆಡಿದ ಮೊದಲ ಮಾತೇ ಇದು.

ಗಾಜಿನ ಆಚೆ ನಿಂತಿದ್ದವನು ಕುತ್ತಿಗೆಯ ಮಫ್ಲರ್ ಸಡಿಲಿಸಿದ. "ಇದು ವಾಸಿಯಾಗೋ ಕೆಮ್ಮಲ್ಲ ಮೇಡಂ. ಮುಂದಿನ ತಿಂಗಳು ಧ್ವನಿಪೆಟ್ಟಿಗೇನೇ ತೆಗೆದುಹಾಕ್ತಾರೆ. ಅಷ್ಟರೊಳಗೆ ಆದಷ್ಟು ಓದಿಕೊಡ್ತೀನಿ."

ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅದು ಕಣ್ಣಿಲ್ಲದವರಿಗಾಗಿ ಸಿದ್ಧವಾಗುತ್ತಿದ್ದ ಮಾತಾಡುವ ನಿಘಂಟು. ಇಂಗ್ಲಿಷಿನ ಪದ, ಅದರ ಒಂದೊಂದು ಅರ್ಥಕ್ಕೂ ಮಲಯಾಳದ ಪದ, ಬೇಕಾದಲ್ಲಿ ಒಂದು ಉದಾಹರಣೆಯ ವಾಕ್ಯ. ಅರ್ಧ ನಿಘಂಟು ಆಗಲೇ ಅವನ ದನಿಯಲ್ಲಿತ್ತು. ದನಿ ಒರಟಾದರೂ ಸರಿ, ಅವನೇ ಓದಲಿ ಎಂದು ಸಂಪಾದಕಿ ಹಟ ಹಿಡಿದಿದ್ದರು.

ಅಜ್ಜಿಯರ ಕಥೆಯಲ್ಲಿ ರಾಕ್ಷಸನ ಪ್ರಾಣ ಏಳು ಕಡಲಾಚೆಯ ಗಿಳಿಯಲ್ಲಿರುತ್ತದಲ್ಲ... ಈ ಬಡಪಾಯಿಯ ಪ್ರಾಣ ಗಂಟಲಲ್ಲೇ ಇತ್ತು, ಅದನ್ನೇ ಹುಳ ಕೊರೆಯುತ್ತಿತ್ತು.

ಹೊಸದಾಗಿ ಸೇರಿದ್ದ ಅವಳಿಗೆ ಆಫೀಸಿನವರು ಇಟ್ಟ ಹೆಸರು ಮೌನಗೌರಿ. ಕೆಂಪು ದೀಪ ಉರಿಯುವಾಗ ರೆಕಾರ್ಡ್ ಮಾಡುವವರು ನಗಬಾರದು, ತಲೆಯಾಡಿಸಬಾರದು, ಓದುವವನ ಮುಖ ನೋಡಬಾರದು. ಉಸಿರು ಮೈಕಿಗೆ ಬಡಿಯಿತೇ, ಕುರ್ಚಿ ಕಿರುಗುಟ್ಟಿತೇ, ಅಷ್ಟೇ ಕೇಳಬೇಕು. ಹಾಗೆ ಕೇಳಿ ಕೇಳಿ ಅವಳ ಕಿವಿಗೆ ದನಿ ಬೀಳುತ್ತಿತ್ತೇ ಹೊರತು ಮಾತು ಬೀಳುತ್ತಿರಲಿಲ್ಲ.

ದೀಪ ಆರಿದಾಗ ಮಾತ್ರ ಇಬ್ಬರೂ ಬೇರೆಯೇ ಜನ. ಅವನ ಫ್ಲಾಸ್ಕಿನ ಬಿಸಿನೀರು ಅವಳು ತುಂಬಿಸುವಳು. ಅವಳು ಹೆಡ್‌ಫೋನ್ ಹಾಕಿಕೊಂಡೇ ಹುಟ್ಟಿದವಳೆಂದು ಅವನು ಕಾಡುವನು. ಅವನ ಕೆಮ್ಮು ಕೇಳಿಸದ ಭಾನುವಾರ ಅವಳಿಗೆ ಮನೆಯೆಲ್ಲ ಬಿಕೋ ಎನ್ನುತ್ತಿತ್ತು. 'ಇದೆಂಥ ಹುಚ್ಚು... ಕೆಮ್ಮಿಗೆ ಮನಸೋಲೋದಾ?'

ಒಂದು ದಿನ 'ಕೀಪ್' ಪದ ಬಂತು. ಎಷ್ಟು ಸಣ್ಣ ಪದ, ಅದರ ಸಂಸಾರವೋ ದೊಡ್ಡದು. ಜೋಪಾನವಾಗಿಡು ಎಂಬಲ್ಲಿ ಮಲಯಾಳದವರು 'ಸೂಕ್ಷಿಕ್ಕುಗ' ಎನ್ನುತ್ತಾರೆ. ಮಾತು ಉಳಿಸಿಕೊಳ್ಳುವುದಕ್ಕೆ 'ಪಾಲಿಕ್ಕುಗ', ಕೋಳಿ ಸಾಕುವುದಕ್ಕೆ 'ವಳರ್ತ್ತುಗ', ಬಿಡದೆ ಮುಂದುವರಿಸುವುದಕ್ಕೆ 'ತುಡರುಗ'. ಕೊನೆಗೆ, ಜೊತೆಗಿರಿಸಿಕೊಳ್ಳುವುದಕ್ಕೆ 'ಕೂಡೆ ನಿರ್ತ್ತುಗ'.

ಅಲ್ಲಿ ಅವನು ತಡೆದ. ಆಮೇಲೆ ಮೆಲ್ಲಗೆ, "ಎನ್ನೆ ಕೂಡೆ ನಿರ್ತ್ತುಮೋ?" ಎಂದ.

ನನ್ನನ್ನು ಜೊತೆಗಿಟ್ಟುಕೊಳ್ತೀರಾ?

ಅವಳು ಮೈಕಿನ ಗುಂಡಿ ಒತ್ತಿದಳು. "ಕೊನೇಲಿ ದನಿ ಒಡೀತು. ಇನ್ನೊಂದು ಸಲ ಓದಿ."

ಅವನು ಇನ್ನೊಂದು ಸಲ ಹೇಳಿದ.

"ಈಗ ಚೆನ್ನಾಗಿ ಬಂತು. ಮುಂದಿನ ಪದ."

ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಇಲ್ಲ. ಫೋನ್ ಎತ್ತಲಿಲ್ಲ. ಒಂದು ಮಾತು ಹೇಳದೆ ಹೋದನಲ್ಲ ಎಂದು ಅವಳು ಸಿಟ್ಟಾದಳು, ಬಾತ್‌ರೂಮಿನ ನಲ್ಲಿ ಬಿಟ್ಟುಕೊಂಡು ಅತ್ತಳು.

ಒಂದು ಬೆಳಿಗ್ಗೆ ಸಂಪಾದಕಿ ಅವಳನ್ನು ಕರೆಸಿ ಗದರಿದರು. ಧ್ವನಿಮುದ್ರಿಕೆ ಕೇಳಿದ್ದರಂತೆ. 'ಕೂಡೆ ನಿರ್ತ್ತುಗ' ಎಂಬ ಅರ್ಥಕ್ಕೆ ತಾವು ಉದಾಹರಣೆಯನ್ನೇ ಬರೆದಿಲ್ಲ, ಅವನು ಎಲ್ಲಿಂದ ತಂದ ಎಂದರು. ಪಾಪ, ಇವತ್ತೇ ಆಪರೇಷನ್, ಕೇಳೋದಾದರೂ ಹೇಗೆ ಎಂದೂ ಸೇರಿಸಿದರು.

ಅವಳು ಬಾಗಿಲ ಕಡೆ ಓಡಿದಳು. 'ಓದಿದ್ದಲ್ಲ... ಕೇಳಿದ್ದು! ನನ್ನನ್ನ ಕೇಳಿದ್ದು!'

ಆಸ್ಪತ್ರೆಯ ವಾರ್ಡಿನ ಬಾಗಿಲಲ್ಲಿ ಅವನ ಅಕ್ಕ ಅಡ್ಡ ನಿಂತಳು. "ನೀನೇನಾ ಆ ಮೌನಗೌರಿ? ಬಾಯಿದ್ದ ನೀನು ಬಾಯಿ ಬಿಡಲಿಲ್ಲ. ಈಗ ಅವನ ಬಾಯಿ ಕಟ್ಟೋ ಹೊತ್ತಿಗೆ ಬಂದ್ಯಾ?"

"ತಪ್ಪಾಯ್ತು ಅಕ್ಕಾ. ಒಂದೇ ನಿಮಿಷ ಬಿಡಿ."

ಅಕ್ಕ ಕಣ್ಣೊರೆಸಿಕೊಂಡು ಸರಿದಳು.

ಅವನು ಹಸಿರು ಬಟ್ಟೆಯಲ್ಲಿ ಸ್ಟ್ರೆಚರ್ ಮೇಲಿದ್ದ. ಅವಳು ಒಂದೇ ಉಸಿರಿಗೆ, ನಿಘಂಟಿನ ವಾಕ್ಯ ಓದ್ತಿದ್ದೀರಿ ಅಂದುಕೊಂಡೆ ಎಂದು ಹೇಳಿ ಬಿಕ್ಕಿದಳು.

"ಹೋಗ್ಲಿ ಬಿಡಿ," ಅವನ ದನಿ ಪಿಸುಮಾತಿನಷ್ಟಿತ್ತು. "ಆ ಮಾತು ವಾಪಸ್ ತಗೊಂಡೆ. ಮೂಗನ ಜೊತೆ ನೀವು ಯಾಕೆ ಸವೀಬೇಕು?"

"ವಾಪಸ್ ಕೊಡಲ್ಲ," ಎಂದಳು. "ಇನ್ಮೇಲೆ ನಾನು ಮಾತಾಡ್ತೀನಿ. ಅಭ್ಯಾಸ ಇಲ್ಲ, ತಲೆಹರಟೆ ಆಗುತ್ತೆ. ಸಹಿಸ್ಕೋಬೇಕು."

ಅವನು ನಗಲು ಹೋಗಿ ನೋವಿಗೆ ಕಣ್ಣು ಮುಚ್ಚಿದ. ನರ್ಸ್ ಬಂದು ಸ್ಟ್ರೆಚರ್‌ನ ಬ್ರೇಕ್ ತೆಗೆದಳು. ಅವಳು ಪಕ್ಕದಲ್ಲೇ ಓಡುತ್ತಾ ಅವನ ಬೆರಳು ಹಿಡಿದಳು.

"ಒಂದ್ಸಲ ನನ್ನ 'ನೀನು' ಅನ್ನಿ. ಕೇಳಬೇಕು."

ಅವನು ಅವಳ ಬಾಡಿದ ಮುಖವನ್ನೇ ನೋಡಿದ.

"ನೀನು... ಬೆಳಗಿನಿಂದ ಏನೂ ತಿಂದಿಲ್ಲ. ಹೋಗಿ ಊಟ ಮಾಡು."

ಆ ದನಿಯಲ್ಲಿ ಲೋಕಕ್ಕೆ ಬಂದ ಕೊನೆಯ ಮಾತು ಅದೇ.

"ಆಯ್ತು ಕಣೋ," ಎಂದಳು, ಬಾಗಿಲು ಮುಚ್ಚುವ ಮುಂಚೆ ಅವನಿಗೆ ಕೇಳಿಸುವಷ್ಟು ಜೋರಾಗಿ. "ಮಾಡ್ತೀನಿ. ನೀನು ಬಾ."