ಮೂರು ಬೇಸಿಗೆ ಬದಲಿಸದ ಲಾವಂಚದ ತಟ್ಟಿ

೧೯೩೪ರಲ್ಲಿ ಹೊಸಪೇಟೆಯ ಹೊರಗಿದ್ದ ಒಂದು ಬಂಗಲೆಯ ಉಸ್ತುವಾರಿ ನನ್ನದಾಗಿತ್ತು. ಬೇಸಿಗೆಯಲ್ಲಿ ಕೋಣೆ ತಂಪಾಗಿರಲೆಂದು ಬಾಗಿಲಿಗೆ ಹೊರಗಿನಿಂದ ಲಾವಂಚದ ತಟ್ಟಿ ಕಟ್ಟಿ, ಅದಕ್ಕೆ ನೀರು ಹಾಕಿಸುತ್ತಿದ್ದೆವು. ವರ್ಷಕ್ಕೊಮ್ಮೆ ಅದರ ಬೇರು ಬದಲಿಸಬೇಕು. ನೀರು ಹಾಕುವ ಸುಂಕಮ್ಮ ಪ್ರತಿ ಬೇಸಿಗೆಯೂ ನೆನಪಿಸುತ್ತಿದ್ದಳು. ಮೂರು ವರ್ಷ ನಾನೇ ಮುಂದೂಡಿದ್ದೆ.

ಆ ಮೇ ತಿಂಗಳ ಒಂದು ಮಧ್ಯಾಹ್ನ ನಾನೇ ಆ ಕೋಣೆಯಲ್ಲಿ ಮಲಗಿದೆ. ಕೋಣೆಗೆ ಕಿಟಕಿ ಇರಲಿಲ್ಲ, ಇದ್ದದ್ದು ಒಂದೇ ಬಾಗಿಲು. ಎಚ್ಚರವಾದಾಗ ಚಳಿಗೆ ಹಲ್ಲು ಕಟಕಟ ಎನ್ನುತ್ತಿದ್ದವು. ಲಾವಂಚದ ಪರಿಮಳವಿಲ್ಲ, ಕೊಳೆತ ಕೆಸರಿನ ವಾಸನೆ. ತಟ್ಟಿಯನ್ನು ತಳ್ಳಿದೆ. ಅದು ನೆನೆದು ಉಬ್ಬಿ ಚೌಕಟ್ಟಿಗೆ ಬಿಗಿದುಕೊಂಡಿತ್ತು.

"ಸುಂಕಮ್ಮಾ, ನೀರು ಸಾಕು, ತಟ್ಟಿ ತಗಿ," ಎಂದು ಕೂಗಿದೆ.

ಇನ್ನೊಂದು ಕೊಡ ನೀರು ಬಿತ್ತು. ಕೂಗಿದಷ್ಟೂ ನೀರು. ಉಸಿರೆಳೆದರೆ ಎದೆಯೊಳಗೆ ತಣ್ಣನೆಯ ತೇವ ಇಳಿಯುತ್ತಿತ್ತು. ಕೊನೆಗೆ ತಟ್ಟಿಯ ಕೊಳೆತ ಬಿದಿರನ್ನು ಒದ್ದು ಮುರಿದು ಕೈ ಹೊರಗೆ ಚಾಚಿದೆ. ಆಗ ಅವಳು ಗಾಬರಿಯಾಗಿ ತಟ್ಟಿ ಕಿತ್ತಳು.

ಹೊರಗೆ ಬಿಸಿಲು ಸುಡುತ್ತಿತ್ತು. ನಾನು ನಡುಗುತ್ತ ಮೆಟ್ಟಿಲ ಮೇಲೆ ಕುಳಿತೆ.

"ಅಷ್ಟು ಕೂಗಿದ್ರೂ ಯಾಕ ತಗೀಲಿಲ್ಲ?"

"ಏನ್ ಮಾಡ್ಲಿರಿ ಜಡೆಪ್ಪನೋರ? ಒಮ್ಮೆ ತಗಿ ಅಂತಿದ್ರಿ. ಕೂಡ್ಲೇ ತಗೀಬ್ಯಾಡ, ಇನ್ನೊಂದು ಕೊಡ ಹಾಕು ಅಂತಿದ್ರಿ."

"ಎರಡನೇ ಮಾತು ನಾನು ಆಡಿಲ್ಲ."

ಸುಂಕಮ್ಮ ಕೊಡ ಕೆಳಗಿಟ್ಟಳು.

"ದನಿ ಎರಡೂ ನಿಮ್ದಾ ಇದ್ವುರಿ. ಕೊನಿಗೆ ಎರಡೂ ಒಮ್ಮೆಲೇ ಕೇಳಿದ್ವು."