ಒಂಬತ್ತನೆಯ ಬಿಟ್

ನಾನೂ ಅಕ್ಕನೂ ಹಳೆಯ ಕಂಪ್ಯೂಟರುಗಳ ಪ್ರೋಗ್ರಾಮುಗಳನ್ನು ಹೊಸ ಕಂಪ್ಯೂಟರುಗಳಿಗೆ ಒಗ್ಗಿಸುವ ಕೆಲಸ ಮಾಡುತ್ತೇವೆ. ಇದು ನಡೆದದ್ದು ಹಾಡಹಗಲಲ್ಲಿ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಈಗಿನ ಕಂಪ್ಯೂಟರುಗಳಲ್ಲಿ ಒಂದು ಬೈಟ್ ಎಂದರೆ ಎಂಟು ಬಿಟ್, ಅಂದರೆ ಸೊನ್ನೆಯೋ ಒಂದೋ ಕೂರುವ ಎಂಟು ಮನೆ. ನಾವು ಕೆಲಸಕ್ಕೆ ಹೋಗಿದ್ದ ಒಂದು ಕಚೇರಿಯ ನೆಲಮಾಳಿಗೆಯಲ್ಲಿದ್ದ, ಬೀರುವಿನಷ್ಟು ದೊಡ್ಡ ಹಳೆಯ ಯಂತ್ರದಲ್ಲಿ ಮಾತ್ರ ಒಂಬತ್ತು. ಅದನ್ನು ಆಯುಷ್ಯವಿಡೀ ನೋಡಿಕೊಂಡವರು ಅಕ್ಕನ ಗಂಡ, ನಮ್ಮ ಭಾವ. ಅವರು ತೀರಿಕೊಂಡ ಮೇಲೆ ಕಚೇರಿಯವರು ಯಂತ್ರವನ್ನು ಗುಜರಿಗೆ ಹಾಕಿದರು.

ಅದನ್ನು ಸಾಗಿಸಿದ ಮಧ್ಯಾಹ್ನ ಆ ಖಾಲಿ ಕೋಣೆಯಲ್ಲೇ ಕೂತು, ಬೈಟಿಗೆ ಎಷ್ಟು ಬಿಟ್ ಎಂದು ತೋರಿಸುವ ಪುಟ್ಟ ಪ್ರೋಗ್ರಾಮನ್ನು ನಮ್ಮ ಲ್ಯಾಪ್‌ಟಾಪಿನಲ್ಲಿ ಓಡಿಸಿದೆ. ಒಂಬತ್ತು ಎಂದು ಬಂತು.

"ತಮಾಷೆ ಮಾಡ್ತಿದ್ದೀಯೇನೇ?" ಎಂದಳು ಅಕ್ಕ.

"ನಿನ್ನಾಣೆ, ನಾನೇನೂ ಮುಟ್ಟಿಲ್ಲ."

ಲ್ಯಾಪ್‌ಟಾಪನ್ನು ಬಾಗಿಲಾಚೆ ಒಯ್ದರೆ ಎಂಟು. ಒಳಗೆ ತಂದರೆ ಒಂಬತ್ತು. ಅಷ್ಟರಲ್ಲಿ ಯಂತ್ರವಿದ್ದ ಖಾಲಿ ಮೂಲೆಯಿಂದ ಫ್ಯಾನ್ ತಿರುಗುವ ಸದ್ದು ಕೇಳಿಸತೊಡಗಿತು. ಭಾವ ಸಂಜೆ ಮನೆಗೆ ಬಂದಾಗ ಅವರ ಅಂಗಿಯಿಂದ ಬರುತ್ತಿದ್ದ ಬಿಸಿ ಎಣ್ಣೆಯ ವಾಸನೆಯೂ ಬಂತು.

ಅಕ್ಕ ಮೆಲ್ಲನೆ ಎದ್ದು ಮೂಲೆಗೆ ಹೋದಳು. "ರೀ, ನೀವೇನಾ?"

ಸದ್ದು ಥಟ್ಟನೆ ನಿಂತಿತು. ಪ್ರೋಗ್ರಾಮನ್ನು ಮತ್ತೆ ಓಡಿಸಿದೆ. ಎಂಟು.

"ಕೇಳಬಾರದಿತ್ತು ಕಣೇ," ಎನ್ನುತ್ತ ಅಕ್ಕ ಅಲ್ಲೇ ಕುಸಿದು ಕೂತಳು. ನೆಲಕ್ಕೆ ಕೈ ಊರಿದವಳು ಬೆಚ್ಚಿ ನನ್ನನ್ನು ಕರೆದಳು. ಆ ಮೂಲೆಯ ಕಲ್ಲು ಬೆಚ್ಚಗಿತ್ತು.

ಆಮೇಲೆ ಕಚೇರಿಯವರು ನೆಲ ಅಗೆಸಿದರು. ಕೆಳಗೆ ಬರೀ ಮಣ್ಣು. ತಂತಿ, ಕೊಳವೆ ಏನೂ ಇರಲಿಲ್ಲ. ಹೊಸ ಕಲ್ಲು ಹಾಸಿದರು. ಮೊನ್ನೆ ಹೋಗಿ ಮುಟ್ಟಿ ನೋಡಿದೆ. ಅದೂ ಬೆಚ್ಚಗಿದೆ.