ಕೊಯ್ಯದೆ ನೋಡಿದ ಕೂಸು

“ಕೂಸು ಯಾಕ ಹೋತು ಅಂತ ಗೊತ್ತಾಗಬೇಕ್ರಿ ಡಾಕ್ಟ್ರೆ,” ಎಂದ ಭೀಮರಾಜ. ಹೆಂಡತಿಯ ಕಡೆ ಅಪ್ಪಿತಪ್ಪಿಯೂ ನೋಡಲಿಲ್ಲ.

ತಪ್ಪು ಯಾರದೆಂದು ಕೇಳುತ್ತಿದ್ದಾನೆ ಎಂದುಕೊಂಡಳು ಸಂಘಮಿತ್ರಾ. ಇನ್ನಾರದು? ಹೊತ್ತವಳು ಅವಳೇ. ಹಿಂದಿನ ದಿನ ದಾವಣಗೆರೆಯ ಈ ಆಸ್ಪತ್ರೆಯಲ್ಲಿ ಹುಟ್ಟಿದ ಮಗಳು ನಲವತ್ತು ನಿಮಿಷ ಉಸಿರಿಗೆ ಒದ್ದಾಡಿ ಹೋಗಿದ್ದಳು. ಆಗಿನಿಂದ ಇವಳಿಗೆ ಹಸಿವಿಲ್ಲ, ಅಳುವೂ ಇಲ್ಲ. ಕರೆಂಟ್ ಕಂಬದ ಮೇಲಿಂದಲೂ ಇವಳಿಗೆ ಕಣ್ಣು ಹೊಡೆಯುತ್ತಿದ್ದ ಲೈನ್‌ಮನ್ ಭೀಮರಾಜ. ಅವರ ಊರು ಹಲವಾಗಲಿನ ಓಣಿಗೆಲ್ಲ ಅದು ಗೊತ್ತು. ಈಗ ಆ ಕಣ್ಣು ನೆಲ ಬಿಟ್ಟು ಏಳುತ್ತಿರಲಿಲ್ಲ.

“ಕೂಸಿಗೆ ಕತ್ತರಿ ಹಚ್ಚಾಕ ನಾ ಬಿಡಂಗಿಲ್ಲ,” ಎಂದಳು ಅತ್ತೆ ಹುಲುಗಮ್ಮ.

“ಕೊಯ್ಯೋದು ಬೇಡಮ್ಮ. ಎಂಆರ್‌ಐ ಮಾಡಿ ಒಳಗಿಂದು ನೋಡ್ತೀವಿ. ಎಲ್ಲಾ ಗೊತ್ತಾಗುತ್ತೆ ಅಂತ ಹೇಳಲ್ಲ. ತಾಯಿ ಒಪ್ಪಬೇಕು, ಅಷ್ಟೆ,” ಎಂದರು ಡಾಕ್ಟರು.

ಸಂಘಮಿತ್ರಾ ಸಹಿ ಹಾಕಿದಳು. ಗೊತ್ತಾಗಲಿ, ಆಮೇಲೆ ಗಂಡ ತನ್ನನ್ನು ಬಿಡುವುದಾದರೆ ಬಿಡಲಿ.

ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ ಟೆಕ್ನಿಶಿಯನ್ ಮಾಲಾ ಕೂಸನ್ನು ಸುತ್ತಿದ್ದ ಬಟ್ಟೆಯ ಗಂಟಿನ ಮೇಲೆ ಲೋಹ ಹುಡುಕುವ ಡಿಟೆಕ್ಟರ್ ಆಡಿಸಿದಳು. ಅದು ಕೂಗಿತು.

“ಒಳಗ ಕಬ್ಬಿಣ ಐತಲ್ರಿ!”

“ಮೊಳಿ ಇಟ್ಟೀನವ್ವ. ಎಳೇ ಕೂಸು, ಗಾಳಿ ಸೋಕಬಾರ್ದಲ್ಲ,” ಎಂದಳು ಹುಲುಗಮ್ಮ. ಸತ್ತ ಕೂಸಿಗೆ ಇನ್ಯಾವ ಗಾಳಿ ಎಂದು ಯಾರೂ ಕೇಳಲಿಲ್ಲ.

“ಒಳಗಿನ ಅಯಸ್ಕಾಂತ ಎಳಕೊಂಡ್ಬಿಡ್ತೈತಿ. ತಗೀಬೇಕ್ರಿ.”

ಅತ್ತೆ ಗಂಟು ಬಿಚ್ಚಲಾರದೆ ಹಿಂದೆ ಸರಿದಳು. ಭೀಮರಾಜ ಗೋಡೆಗೆ ಮುಖ ತಿರುಗಿಸಿದ. ತಾಯಿಗೆ ತೋರಿಸಬಾರದೆಂದು ನಿನ್ನೆಯಿಂದ ಮುಚ್ಚಿಟ್ಟಿದ್ದ ಗಂಟಿಗೆ ಸಂಘಮಿತ್ರಾ ಗಾಲಿಕುರ್ಚಿಯಲ್ಲೇ ಕೈ ಚಾಚಿದಳು. ಒಂದೊಂದೇ ಮಡಿಕೆ ಬಿಡಿಸಿ ಮೊಳೆ ತೆಗೆದಳು. ಮಗಳನ್ನು ನೆತ್ತಿಯಿಂದ ಪಾದದ ತನಕ ನೋಡಿದಳು. ಮತ್ತೆ ಸುತ್ತಿ ಕೊಟ್ಟಳು. ಆಗಲೂ ಏನೂ ಅನ್ನಿಸಲಿಲ್ಲ. ಅದರಿಂದಲೇ ಅವಳಿಗೆ ಭಯವಾಯಿತು.

ಸಂಜೆ ಡಾಕ್ಟರು ಕೂಸನ್ನು ಇವಳ ಮಡಿಲಿಗೆ ಕೊಡಿಸಿ ಹೇಳಿದರು: “ಎದೆಗೂ ಹೊಟ್ಟೆಗೂ ನಡುವಿನ ಪರದೆ ಮೂರನೇ ತಿಂಗಳಲ್ಲೇ ಸರಿಯಾಗಿ ಕೂಡಿಲ್ಲ. ಕರುಳು ಮೇಲೇರಿ, ಶ್ವಾಸಕೋಶಕ್ಕೆ ಬೆಳೆಯೋಕೆ ಜಾಗಾನೇ ಇರಲಿಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ.”

ಅವರು ಹೋದ ಮೇಲೆ ಭೀಮರಾಜ ಬೆಂಚಿನ ಮೇಲೆ ಕುಸಿದು ಕೂತ.

“ಹಂಗಾರ ನನ್ನ ಬೈಕಿನಿಂದ ಅಲ್ಲ?”

“ಯಾವ ಬೈಕು?”

“ಏಳನೇ ತಿಂಗ್ಳಾಗ ಉಚ್ಚಂಗಿದುರ್ಗಕ್ಕ ಕರ್ಕಂಡು ಹೋಗಿದ್ನಲ್ಲ, ಆ ಗುಂಡಿ ರಸ್ತ್ಯಾಗ. ನಾನ ಕೊಂದೀನಿ ಅನ್ಕಂಡಿದ್ದೆ. ನಿನ್ನ ಮಾರಿ ಹೆಂಗ ನೋಡ್ಲಿ?”

“ನೀವು ನನ್ನ ಬಿಡ್ತೀರಿ ಅನ್ಕಂಡಿದ್ದೆ ನಾನು.”

“ನಿನ್ನ ಬಿಟ್ಟು ಎಲ್ಲಿಗೆ ಹೋಗ್ಲಿ ಹುಚ್ಚಿ?” ಎಂದು ತಲೆಯೆತ್ತಿದ. ಅವಳ ಮುಖವನ್ನು ಕಣ್ತುಂಬ ನೋಡಿದ.

“ನನ್ನ ಆಮ್ಯಾಲೆ ನೋಡ್ರಿ. ಇಕಿನ್ನ ನೀವಿನ್ನೂ ನೋಡೇ ಇಲ್ಲ. ಕಿವಿ ನಿಮ್ಮವ ಬಂದಾವು.”

ಅವನು ಬಟ್ಟೆ ಸರಿಸಿ ನೋಡಿದ. ತನ್ನ ಕಿವಿಯನ್ನೊಮ್ಮೆ ಮುಟ್ಟಿಕೊಂಡ. ಆಮೇಲೆ ಅವಳ ಹೆಗಲಿಗೆ ತಲೆಯಿಟ್ಟು, ವಾರ್ಡಿಗೆಲ್ಲ ಕೇಳುವಂತೆ ಅತ್ತ.

ಸಂಘಮಿತ್ರಾ ಅವನ ಕೂದಲಲ್ಲಿ ಕೈಯಾಡಿಸುತ್ತ ಕೂತಳು. ನಿನ್ನೆಯಿಂದ ಏನೂ ಅನ್ನಿಸದಿದ್ದವಳಿಗೆ ಈಗ ಅವನ ತಲೆಯ ಭಾರ ಹೆಗಲಿಗೆ ತಿಳಿಯುತ್ತಿತ್ತು.